ತುಳಸವ್ವನ ಕಡೆಯವರು

ಈ ಕಥೆಯನ್ನು ಎಲ್ಲಿಂದ ಆರಂಭಿಸಲಿ? ಕಟ್ಟಡದಿಂದ ಆರಂಭಿಸಿ ನೋಡಿದೆ: 'ಅಥಣಿ ಪಟ್ಟಣದ ಮಧ್ಯಭಾಗದಲ್ಲಿ ಭವ್ಯವಾದ ಆಸ್ಪತ್ರೆಯೊಂದು...' ಭವ್ಯವೇನೂ ಅಲ್ಲ, ಕೆಳಗೆ ಮೊಬೈಲ್ ಅಂಗಡಿಯಿದೆ, ಹಾಳೆ ಹರಿದೆ. ನೋವಿನಿಂದ ಆರಂಭಿಸಿದೆ. ಪಿತ್ತಕೋಶದ ಕಲ್ಲಿಗೆ ನನಗೆ ಹೊಳೆದ ಉಪಮೆಗಳೆಲ್ಲ ನನ್ನ ಹಲ್ಲುನೋವಿನವು, ಅದನ್ನೂ ಬಿಟ್ಟೆ. (ಪೀಠಿಕೆಯಿಲ್ಲದ ಪ್ರಬಂಧಕ್ಕೆ ಅಂಕವಿಲ್ಲವೆಂದು ಜೀವಮಾನವಿಡೀ ಮಕ್ಕಳನ್ನು ಹೆದರಿಸಿದ ಮಾಸ್ತರನ ಗತಿಯನ್ನು ನೋಡಿ.)

ಇರಲಿ. ತುಳಸವ್ವನಿಂದಲೇ ಹೊರಡೋಣ.

೧

ತುಳಸವ್ವ ಹಾರೂಗೇರಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು. ಐವತ್ತರ ಆಸುಪಾಸು. ಇನ್ನು ತಡ ಮಾಡಿದರೆ ಪಿತ್ತಕೋಶ ಕೊಳೆತೀತೆಂದು ಡಾಕ್ಟರು ಎಚ್ಚರಿಸಿದ್ದಾರೆ. ಸರ್ಜನ್ನರು ಮಿರಜದಿಂದ ಗುರುವಾರ ಮಾತ್ರ ಬರುತ್ತಾರೆ, ಇಂದು ಗುರುವಾರ. ಆಕೆ ಹಸಿರು ಗೌನು ತೊಟ್ಟು, ನರ್ಸ್ ಹೇಳಿದಂತೆ ಕಿವಿಯ ಬೆಂಡೋಲೆ ಬಿಚ್ಚಿ, ಅವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದು ಮಂಚದ ಅಂಚಿಗೆ ಕುಳಿತಿದ್ದಾಳೆ.

ಆಸ್ಪತ್ರೆಯ ಮ್ಯಾನೇಜರ್ ನಿತಿನ ಬಂದ.

"ಮಾವಶಿ, ನಿಮ್ಮ ಕಡಿಯಾವ್ರು ಯಾರ ಬಂದಾರ್ರಿ?"

"ಯಾರೂ ಇಲ್ರಿ."

"ಚಹಾ ಕುಡ್ಯಾಕ ಹೋಗ್ಯಾರೇನು?"

"ಇದ್ರ ಹೋಗ್ತಿದ್ರು."

ನಿತಿನ ನಗಲಿಲ್ಲ. ಜೊತೆಗೊಬ್ಬರಿಲ್ಲದ ಪೇಶಂಟನ್ನು ಆಪರೇಶನ್ನಿಗೆ ತೆಗೆದುಕೊಳ್ಳುವಂತಿಲ್ಲ, ಅದು ನಿಯಮ. "ಮುಂದಿನ ಗುರುವಾರ ಯಾರನ್ನರ ಕರ್ಕೊಂಡ ಬರ್ರಿ," ಎಂದ.

೨

ಇಲ್ಲಿ ಒಂದು ಸಂಗತಿ ತಿಳಿಸಬೇಕು. ಮೊದಲ ಕರಡಿನಲ್ಲಿ ಆಕೆಗೆ ಯಡೂರಿನಲ್ಲಿ ದಶರಥನೆಂಬ ತಮ್ಮನಿದ್ದ. ಟಿಫಿನ್ ಡಬ್ಬಿ ಹಿಡಿದು ಬರುತ್ತಿದ್ದ, ಬಾಗಿಲ ಹೊರಗೆ ತೂಕಡಿಸುತ್ತಿದ್ದ. ತೀರಾ ಸಾಮಾನ್ಯ ಮನುಷ್ಯ. ಎರಡನೆಯ ಕರಡಿನಲ್ಲಿ ತೆಗೆದುಹಾಕಿದೆ.

ತುಳಸವ್ವ ಕತ್ತೆತ್ತಿ ನನ್ನತ್ತಲೇ ನೋಡಿದಳು.

"ನನ್ನ ತಮ್ಮನ್ನ ಯಾಕ ತಗದ್ರಿ ಮಾಸ್ತರ?"

"ಒಂಟಿತನ ಗಾಢವಾಗಿ ಮೂಡಿಬರಲೆಂದು, ತಾಯಿ."

"ಮೂಡೇತ್ರಿ. ಈಗ ಆಪರೇಶನ್ ಯಾರ ಮಾಡ್ಸಾವ್ರು?"

"ಮತ್ತೆ ಕರೆಸುತ್ತೇನೆ. ಒಂದು ವಾಕ್ಯ ಬರೆದರಾಯಿತು."

"ಬ್ಯಾಡ್ರಿ. ಒಮ್ಮೆ ನಾನ ಇಲ್ಲಂದ ತಮ್ಮನ ಮುಂದ ನಾ ಯಾವ ಮಾರಿ ಹೊತ್ಕೊಂಡ ನಿಲ್ಲಲಿ?"

(ಪಾತ್ರಗಳಿಗೆ ಸ್ವಾಭಿಮಾನ ಕೊಡುವಾಗ ಲೇಖಕರು ಮುಂದಿನ ಪುಟದ ಯೋಚನೆ ಮಾಡಬೇಕು.)

೩

ಹಾಗಾದರೆ ನಿತಿನ ನಿಯಮ ಸಡಿಲಿಸಲಿ, ಕರುಣಾಮಯ ಮುಕ್ತಾಯ. ಅಥವಾ ಅವನನ್ನು ಖಳನನ್ನಾಗಿ ಮಾಡಿಬಿಡುತ್ತೇನೆ. ಅವನು ಎರಡಕ್ಕೂ ಒಪ್ಪಲಿಲ್ಲ.

"ನನಗೂ ಮನಸ ಐತ್ರಿ ಕಾಕಾ. ಮ್ಯಾಲಿನ ಮಜಲಿಗೆ ಒಬ್ಬಾಕಿ ನರ್ಸ್. ಸಲಾಯಿನ್ ಮುಗದ್ರ ಕರಿಯಾವ್ರು ಯಾರು? ಎಚ್ಚರಾದ ಮ್ಯಾಲೆ ತುಟಿಗೆ ನೀರ ಹಚ್ಚಾವ್ರು ಯಾರು? ರಕ್ತ ಬೇಕಾದ್ರ ಓಡಾವ್ರು? ಪೇಶಂಟಿನ ಮಂದೀನ ನಮ್ಮ ಅರ್ಧ ಸ್ಟಾಫ್. ಬೋರ್ಡಿನ ಮ್ಯಾಲೆ ಕ್ವಾಲಿಟಿ ಕೇರ್ ಅಂತ ಬರದೀವಿ, ಮಾಡಾವ್ರು ಅವ್ರ."

"ಇನ್ನೊಬ್ಬ ನರ್ಸನ್ನು ನೇಮಿಸಬಾರದೇ?"

"ನೀವ ಬರೀರಿ. ಮಾಲಕರು ನಿಮ್ಮ ಕಥಿ ಓದಿದ್ರ ನೇಮಸ್ತಾರ."

ಈ ಕಥೆಯಲ್ಲಿ ಒಂಟಿತನವೆಂಬುದು ಭಾವವಲ್ಲ. ಖಾಲಿ ಬಿದ್ದ ಒಂದು ಹುದ್ದೆ.

೪

ಪಕ್ಕದ ಮಂಚದಲ್ಲಿದ್ದ ಕಾಂಚನಳ ಗಂಡ ಬಾಳಾಸಾಬ ತಾನಾಗಿ ಎದ್ದುಬಂದ. ಅವರಿಬ್ಬರನ್ನು ನಾನು ಬರೆದದ್ದು ಆ ಮಂಚ ಖಾಲಿ ಕಾಣಬಾರದೆಂದಷ್ಟೆ.

"ನಾ ಕುಂಡರ್ತೀನ್ರಿ ಹೊರಗ. ಹೆಂಗೂ ಇಲ್ಲೇ ಅದೀನಲ್ಲ."

"ನೀವು ಇವ್ರಿಗೆ ಏನಾಗಬೇಕ್ರಿ?" ಎಂದ ನಿತಿನ.

"ಬಾಜೂ ಕಾಟಿನವ."

ತುಳಸವ್ವ ಮೊದಲ ಸಲ ನಕ್ಕಳು. ಕಥೆ ಇಲ್ಲಿಯೇ ನಿಲ್ಲಬಹುದಿತ್ತು. ಆದರೆ ಸರ್ಜನ್ನರ ಗಾಡಿ ಕಾಗವಾಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಆಪರೇಶನ್ ಮಧ್ಯಾಹ್ನಕ್ಕೆ ಸರಿಯಿತು. ಅಷ್ಟರಲ್ಲಿ ಕಾಂಚನಳಿಗೆ ಡಿಸ್ಚಾರ್ಜ್ ಆಯಿತು. ಊರಿನ ಜೀಪು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಬಾಳಾಸಾಬ ಒಂದು ಎಳನೀರು ಇಟ್ಟ. "ಎಚ್ಚರಾದ ಮ್ಯಾಲೆ, ಡಾಕ್ಟರ ಹೂಂ ಅಂದ್ರ ಕುಡೀರಿ ಅಕ್ಕಾರ," ಎಂದು ತಲೆ ತಗ್ಗಿಸಿ ಹೋದ. ಅದನ್ನು ಒಡೆದು ಕೊಡುವವರು ಯಾರೆಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹಾಸಿಗೆಯ ಚಾದರ ಬದಲಾಯಿತು. ತುಳಸವ್ವ ಆ ಖಾಲಿ ಮಂಚವನ್ನೇ ನೋಡುತ್ತಿದ್ದಳು. ಮುಷ್ಟಿ ಬಿಗಿಯಾಗಿಯೇ ಇತ್ತು.

೫

ನಾನು ಲೇಖನಿಯನ್ನು ಕೆಳಗಿಟ್ಟು ಎದ್ದೆ. (ಲೇಖಕನು ಕಥೆಯ ಹೊರಗೆ ನಿಲ್ಲತಕ್ಕದ್ದು ಎಂದು ಕಲಿಸಿದವನೂ ನಾನೇ.) ಮೆಟ್ಟಿಲು ಹತ್ತಿ, ದಮ್ಮು ಕಟ್ಟಿ, ಆಪರೇಶನ್ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕುಳಿತೆ.

"ಕಾಕಾ, ನೀವು ಏನಾಗಬೇಕ್ರಿ ಇವ್ರಿಗೆ?" ಎಂದ ನಿತಿನ.

ಪದಗಳನ್ನೇ ನೆಚ್ಚಿ ಬದುಕಿದವನಿಗೆ ಆ ಒಂದು ಪದ ಬಾಯಿಗೆ ಬರಲಿಲ್ಲ. ಸ್ಟ್ರೆಚರಿನ ಮೇಲಿಂದ ತುಳಸವ್ವನೇ ಹೇಳಿದಳು:

"ನಮ್ಮವ್ರ ಅದಾರ್ರಿ. ಭಾಳ ತಡಾ ಮಾಡಿ ಬಂದಾರ, ಅಷ್ಟ."

ಮುಷ್ಟಿ ಬಿಚ್ಚಿ ಬೆಂಡೋಲೆಗಳನ್ನು ನನ್ನ ಅಂಗೈಯಲ್ಲಿಟ್ಟಳು. ಬಾಗಿಲು ಮುಚ್ಚಿತು.

೬

ಆಪರೇಶನ್ ಚೆನ್ನಾಗಿ ಆಯಿತೆಂದು ಬರೆಯಲು ಒಂದು ಸಾಲು ಸಾಕು. ಆಗಲಿಲ್ಲವೆಂದು ಬರೆಯಲೂ ಅಷ್ಟೇ ಸಾಕು. ಯಾವುದನ್ನು ಬರೆದರೂ ನಾನು ಈ ಬೆಂಚಿನಿಂದ ಏಳಬೇಕಾಗುತ್ತದೆ. ಮುಗಿದ ಕಥೆಯಲ್ಲಿ ಕಥೆಗಾರನಿಗೇನು ಕೆಲಸ? ಆಮೇಲೆ ಅವಳು ಕಣ್ಣು ತೆರೆದಾಗ, ತುಟಿ ಒಣಗಿದಾಗ, ಹೊರಗೆ ಯಾರೂ ಇರುವುದಿಲ್ಲ. ಆದ್ದರಿಂದ ಬರೆಯುವುದಿಲ್ಲ.

ಒಂದೇ ತೊಂದರೆ. ಒಳಗಿನಿಂದ ಔಷಧದ ಚೀಟಿ ಕೊಟ್ಟಿದ್ದಾರೆ, ಕೆಳಗೆ ಔಷಧದ ಅಂಗಡಿಗೆ ಹೋಗಬೇಕು. ಮೆಟ್ಟಿಲು ಬಹಳ, ನನ್ನ ಮೊಣಕಾಲು ಹಳೆಯದು. ನಾನು ಬರುವವರೆಗೆ ನೀವು ಇಲ್ಲಿ ಕುಳಿತಿರಿ. ಈ ಬೆಂಡೋಲೆಗಳನ್ನು ಹಿಡಿದುಕೊಳ್ಳಿ, ಇನ್ನೂ ಬೆಚ್ಚಗಿವೆ. ನರ್ಸ್ ಬಾಗಿಲು ತೆರೆದು "ತುಳಸವ್ವನ ಕಡಿಯಾವ್ರು ಯಾರ್ರಿ?" ಎಂದು ಕೇಳಿದರೆ, 'ನಾನು ಅವಳಿಗೆ ಏನಾಗಬೇಕು?' ಎಂದು ಯೋಚಿಸುತ್ತ ಕೂರಬೇಡಿ.

ಎದ್ದು ನಿಲ್ಲಿ.