ಬಾಟ್ಲಿಗೆ ಹಾಕಿದ ನೀರು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗುಬ್ಬಿಯಲ್ಲಿ ನಮ್ಮ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ದಿನಾ ಬಸ್ಸಿನಲ್ಲಿ ಹೋಗಿ ಕೆಲಸ ಮಾಡುವ ತುಮಕೂರಿನ ಲ್ಯಾಬಿನಲ್ಲೂ ನನಗೆ ಅದೇ ಹೆಸರು. "ಶಶಿರೇಖಾ ಇರೋವರೆಗೂ ಯಾರೂ ತಪ್ಪು ಮಾಡಂಗಿಲ್ಲ" ಎಂದು ಡಾಕ್ಟರೇ ತಮಾಷೆ ಮಾಡುತ್ತಿದ್ದರು. ನನಗೂ ಅದರಲ್ಲಿ ಸ್ವಲ್ಪ ಜಂಬವಿತ್ತು.

2003ರ ಬೇಸಿಗೆಯಲ್ಲಿ ಹುತ್ರಿದುರ್ಗದ ಚಿಕ್ಕಬೀರಯ್ಯ ಒಂದು ಪುಟ್ಟ ಬಾಟ್ಲಿ ಹಿಡಿದುಕೊಂಡು ಬಂದ. ಅವನ ಹೆಂಡತಿ ಮರಿಯಮ್ಮನ ಗರ್ಭಕೋಶದ ಬಾಯಿಂದ ಕುಣಿಗಲ್ಲಿನ ಡಾಕ್ಟರಮ್ಮ ತೊಗರಿಕಾಳಿನಷ್ಟು ಮಾಂಸ ತೆಗೆದು, ಕೊಳೆಯದಂತೆ ಫಾರ್ಮಲಿನ್‌ನಲ್ಲಿ ಹಾಕಿ, ಕ್ಯಾನ್ಸರ್ ಇದೆಯೋ ನೋಡಿಸಿ ಎಂದು ಕಳಿಸಿದ್ದರು. ಬಸ್ಸಿನಲ್ಲಿ ಮುಚ್ಚಳ ಸಡಿಲವಾಗಿ ಫಾರ್ಮಲಿನ್ ಎಲ್ಲ ಅವನ ಪಂಚೆಗೆ ಚೆಲ್ಲಿತ್ತು. ಹೆಂಡತಿಯ ಮೈಯ ಚೂರು ಎಲ್ಲಿ ಒಣಗಿಬಿಡುತ್ತದೋ ಎಂದು ಹೆದರಿ, ಹೆಬ್ಬೂರಿನಲ್ಲಿ ಇಳಿದು ನಲ್ಲಿ ನೀರು ತುಂಬಿಸಿಕೊಂಡು ಬಂದಿದ್ದ.

"ಏನಯ್ಯ, ಬುದ್ಧಿ ಇದ್ಯಾ ನಿಂಗೆ? ನೀರ್ ಹಾಕಿ ಎಲ್ಲಾ ಹಾಳ್ ಮಾಡಿದ್ಯಲ್ಲ" ಎಂದು ಹತ್ತು ಜನರ ಎದುರಿಗೆ ಕೂಗಾಡಿದೆ. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ.

ಅದೇ ಕೋಪದಲ್ಲಿ ಆ ಚೂರನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಮೇಲಿಂದ ಒಂದೇ ಒಂದು ತೆಳು ಪದರ ಕೊಯ್ದು ಡಾಕ್ಟರ ಮುಂದಿಟ್ಟೆ. ನಮ್ಮ ಡಾಕ್ಟರು ಲಕ್ಷ್ಮೀನರಸಿಂಹಯ್ಯನವರು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿ, "ಇನ್ನೂ ಸ್ವಲ್ಪ ಆಳಕ್ಕೆ ಕಟ್ ಮಾಡಿ ನೋಡಿದ್ಯೇನಮ್ಮ?" ಎಂದು ಕೇಳಿದರು.

"ನೋಡ್ದೆ ಸಾರ್, ಪೂರ್ತಿ ಕೆಟ್ಟಿದೆ" ಅಂದೆ. ನೋಡಿರಲಿಲ್ಲ. ಪರೀಕ್ಷೆಗೆ ಯೋಗ್ಯವಲ್ಲ, ಮತ್ತೆ ತೆಗೆದು ಕಳಿಸಿ ಎಂದು ರಿಪೋರ್ಟ್ ಹೋಯಿತು.

ಮರಿಯಮ್ಮ ಮತ್ತೆ ತೆಗೆಸಿಕೊಳ್ಳಲಿಲ್ಲ. ಇನ್ನೊಂದು ಸಲ ಆ ಮೇಜಿನ ಮೇಲೆ ಮಲಗುವುದಿಲ್ಲ ಎಂದು ಹಟ ಹಿಡಿದಳಂತೆ. ಮೂರು ವರ್ಷಕ್ಕೆ ತೀರಿಕೊಂಡಳು.

ಇದನ್ನೆಲ್ಲ ನನಗೆ ಹೇಳಿದ್ದು ಚಿಕ್ಕಬೀರಯ್ಯನೇ. ಬರುಬರುತ್ತ ನನ್ನ ಬಾಯಲ್ಲಿ ಅವನು ಬೀರಣ್ಣನಾಗಿದ್ದ. ಅವಳು ಹೋದ ಮೇಲೆ ಸುತ್ತಮುತ್ತಲ ಹಳ್ಳಿಯ ಹೆಂಗಸರ ಬಾಟ್ಲಿಗಳನ್ನು ಕುಣಿಗಲ್ಲಿನಿಂದ ಅವನೇ ತರತೊಡಗಿದ. ಯಾರೂ ಹೇಳಿ ಮಾಡಿಸಿದ್ದಲ್ಲ. ಟವೆಲ್ಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಎದೆಗವಚಿಕೊಂಡು ಬರುತ್ತಿದ್ದ. ಕೌಂಟರಿನ ಮೇಲಿಟ್ಟು ಪ್ರತಿ ಸಲವೂ ಅದೇ ಮಾತು, "ನೋಡವ್ವ, ಒಂದ್ ತೊಟ್ಟೂ ಚೆಲ್ಲಿಲ್ಲ. ನೀರ್ ಬಿದ್ದಿಲ್ಲ." ಪಾಪ ಅನ್ನಿಸಿ ನಾನು ಕಾಫಿ ತರಿಸಿಕೊಡುತ್ತಿದ್ದೆ. ನನ್ನ ದೊಡ್ಡತನಕ್ಕೆ ಬೆಂಕಿ ಬೀಳಲಿ.

2008ರಲ್ಲಿ ಡಾಕ್ಟರು ಪಿ-16 ಅನ್ನುವ ಹೊಸ ಮಾರ್ಕರ್ ತರಿಸಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಹೆಚ್ಚಾಗಿ ಒಂದು ವೈರಸ್ಸೇ ಕಾರಣ. ಆ ವೈರಸ್ಸಿನಿಂದ ದಾರಿ ತಪ್ಪಿದ ಜೀವಕೋಶಗಳು ಈ ಮಾರ್ಕರ್ ಹಾಕಿದರೆ ಕಂದು ಬಣ್ಣಕ್ಕೆ ತಿರುಗುತ್ತವೆ, ಉಳಿದವು ನೀಲಿಯಾಗಿಯೇ ಇರುತ್ತವೆ. ಹಿಂದೆ ತೀರ್ಮಾನವಾಗದೆ ಉಳಿದ ಮೇಣದ ಅಚ್ಚುಗಳನ್ನೆಲ್ಲ ತೆಗೆದು ಪರೀಕ್ಷಿಸೋಣ ಅಂದರು. ಪೆಟ್ಟಿಗೆಯಲ್ಲಿ ಮರಿಯಮ್ಮನ ನಂಬರ್ ಸಿಕ್ಕಿತು. ಈ ಸಲ ಆಳಕ್ಕೆ ಕೊಯ್ದೆ.

ನೀರಿಗೆ ಕೆಟ್ಟಿದ್ದು ಮೇಲಿನ ಪದರ ಮಾತ್ರ. ಒಳಗೆಲ್ಲ ಚೆನ್ನಾಗಿತ್ತು, ಒಳಗೆಲ್ಲ ಕಂದು.

"ಆಗ್ಲೇ ಇತ್ತಲ್ಲಮ್ಮ ಇದು," ಡಾಕ್ಟರು ನಿಧಾನವಾಗಿ ಹೇಳಿದರು. "ಇನ್ನೂ ಶುರುವಿನಲ್ಲಿತ್ತು. ಈ ಮಾರ್ಕರ್ ಬೇಕಿರ್ಲಿಲ್ಲ, ಆಳಕ್ಕೆ ಕಟ್ ಮಾಡಿದ್ರೆ ಮಾಮೂಲಿ ಬಣ್ಣದಲ್ಲೇ ಕಾಣ್ತಿತ್ತು." ಅವರಿಗೆ ಹಳೆಯ ಮಾತು ನೆನಪಿತ್ತೋ ಇಲ್ಲವೋ. ನಾನು ಬಾಯಿ ಬಿಡಲಿಲ್ಲ.

ಸೋಮವಾರ ಬೀರಣ್ಣ ಬಂದ. ಸುಮ್ಮನಿದ್ದುಬಿಟ್ಟಿದ್ದರೆ ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಅವನು "ನೀರ್ ಬಿದ್ದಿಲ್ಲ ನೋಡವ್ವ" ಅಂದಾಗ ನನಗೆ ತಡೆಯಲಾಗಲಿಲ್ಲ. ಕರೆದು ಬೆಂಚಿನ ಮೇಲೆ ಕೂರಿಸಿದೆ.

"ಬೀರಣ್ಣ, ನಿನ್ ಹೆಂಡ್ತಿ ಕಾಯಿಲೆ ಆ ಚೂರಲ್ಲೇ ಇತ್ತು. ನೀನ್ ಹಾಕಿದ್ ನೀರಿಂದ ಒಳಗೆ ಏನೂ ಕೆಟ್ಟಿರ್ಲಿಲ್ಲ. ನಾನು ಸರಿಯಾಗ್ ನೋಡ್ಲಿಲ್ಲ. ನೋಡ್ದೆ ಅಂತ ಸುಳ್ಳು ಹೇಳ್ದೆ. ತಪ್ಪು ನಂದು."

ಬೈಯಲಿ ಎಂದು ಕಾದೆ. ಹತ್ತು ಜನರ ಎದುರಿಗೇ ಬೈದಿದ್ದರೂ ನಾನು ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದೆ. ಅವನು ತನ್ನ ಬಲಗೈಯನ್ನೇ ನೋಡಿಕೊಂಡ.

"ಹಂಗಾರೆ, ನೀರಿಂದ ಅಲ್ವಾ?"

"ಅಲ್ಲ."

"ಕೊನೇಲಿ ಅವ್ಳು ನೀರ್ ಕೇಳಿದ್ಲು ಕಣವ್ವ. ನನ್ ಮುಖನೇ ನೋಡ್ಕಂಡು ಕೇಳಿದ್ಲು. ಈ ಕೈಯಿಂದ ನೀರ್ ಬಿದ್ದೇ ಹಿಂಗಾಯ್ತು, ಮತ್ತೆ ಹೆಂಗ್ ಬುಡ್ಲಿ ಅಂತ ಎದ್ದು ಆಚೆಗ್ ಹೋದೆ. ನನ್ ತಂಗಿ ತಿಪ್ಪಮ್ಮ ಬಾಯಿಗ್ ಬುಟ್ಲು. ಮರಿಯಮ್ಮ ಬಾಗ್ಲು ಕಡೇನೇ ನೋಡ್ತಿದ್ಲಂತೆ."

ಅವನು ಟವೆಲ್ಲು ಬಿಚ್ಚಿ, ಆ ದಿನ ತಂದಿದ್ದ ಬಾಟ್ಲಿಯನ್ನು ನನ್ನ ಕೈಯಲ್ಲಿಟ್ಟ.

"ಇದುನ್ನಾದ್ರೂ ಆಳಕ್ಕೆ ಕುಯ್ದು ನೋಡವ್ವ" ಅಂದ.