ಅಮ್ಮ ಕೊಟ್ಟ ಮಾತ್ರೆ

"ಮಾತ್ರೆ ನಿಲ್ಸಿ ಐದು ದಿನ ಆಯ್ತಲ್ವಾ ಯಜಮಾನ್ರೇ?" ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಡಾಕ್ಟರ್ ಚೂಡಾಮಣಿ ಕೇಳಿದರು.

"ಎಲ್ಲಿ ನಿಲ್ಸಿದ್ದು? ಬೆಳಿಗ್ಗೆ ಪೂಜೆ ಮುಗೀತಿದ್ದಂಗೇ ನಮ್ಮನೆಯವಳು ಕೊಟ್ಟಳಲ್ಲ," ಎಂದರು ಶಿವಲಿಂಗಯ್ಯ.

ಜೊತೆಗಿದ್ದ ಮಗಳು ಶಿವಾನಿ ಥಟ್ಟನೆ ಅಪ್ಪನ ಕಡೆ ತಿರುಗಿದಳು. ಇದು ೨೦೦೩ರ ಮಾತು. ಅಮ್ಮ ಮಹದೇವಮ್ಮ ತೀರಿಕೊಂಡು ಆಗಲೇ ಮೂರು ವರ್ಷ!

ಅಪ್ಪನಿಗೆ ಎದೆಬಡಿತದ ತೊಂದರೆ. ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಒಂದು ಮಾತ್ರೆ. ಈಗ ಮಂಡಿ ಆಪರೇಷನ್. ಶ್ವಾಸಕೋಶ ಕೆಟ್ಟಿದ್ದರಿಂದ ಪೂರ್ತಿ ಪ್ರಜ್ಞೆ ತಪ್ಪಿಸುವಂತಿಲ್ಲ, ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸುವ ಎಪಿಡ್ಯೂರಲ್ಲೇ ಗತಿ. ಮಾತ್ರೆಯ ಪ್ರಭಾವ ಇಳಿಯದೆ ಸೂಜಿ ಚುಚ್ಚಿದರೆ ಒಳಗೆ ರಕ್ತ ಸೋರಿ ಎರಡೂ ಕಾಲು ಬಿದ್ದುಹೋಗಬಹುದು. ಅದಕ್ಕೇ ಶಿವಾನಿ ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದಳು.

ಮುದುಕರ ಮರೆವು ಅಂತ ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದರು. ಚೂಡಾಮಣಿ ನಗಲಿಲ್ಲ, ರಕ್ತ ಪರೀಕ್ಷೆಗೆ ಕಳಿಸಿದರು. ಮಾತ್ರೆಯ ಪ್ರಭಾವ ಒಂದಿಷ್ಟೂ ಇಳಿದಿರಲಿಲ್ಲ.

"ಚುಚ್ಚಿದ್ದಿದ್ರೆ ಕಥೆ ಮುಗೀತಿತ್ತು ಕಣಮ್ಮ. ಮನೇಗೆ ಕರ್ಕೊಂಡ್ಹೋಗಿ, ಮುಂದಿನ ವಾರ ನೋಡೋಣ."

ಕುಂಬಾರಕೊಪ್ಪಲಿನ ಮನೆಗೆ ಬಂದವಳೇ ಶಿವಾನಿ ಬೀರು ನೋಡಿದಳು. ಹಾಕಿದ ಬೀಗ ಹಾಕಿದಂತೆಯೇ ಇತ್ತು, ಬೀಗದಕೈ ಅವಳ ಸೊಂಟದಲ್ಲೇ. ಆದರೆ ಒಳಗಿದ್ದ ಸ್ಟ್ರಿಪ್‌ನಲ್ಲಿ ಐದು ಮಾತ್ರೆ ಇಲ್ಲ. ಒಂದೊಂದನ್ನೂ ಕತ್ತರಿಯಿಂದ ಚೌಕವಾಗಿ ಕತ್ತರಿಸಿ ತೆಗೆಯಲಾಗಿತ್ತು. ಹಾಗೆ ಕತ್ತರಿಸುತ್ತಿದ್ದವಳು ಆ ಮನೆಯಲ್ಲಿ ಅಮ್ಮ ಒಬ್ಬಳೇ.

ಶಿವಾನಿ ಕತ್ತರಿಸಿದ ಅಂಚನ್ನು ಬೆರಳಿಂದ ಸವರಿ ನೋಡಿದಳು, ಹಿಂದೆಯೇ ತನ್ನ ಮೇಲೆಯೇ ಸಿಟ್ಟು ಬಂತು. ಮಾತ್ರೆ ನಿಲ್ಲಿಸಬೇಕೆಂದು ಅಪ್ಪನಿಗೆ ಹೇಳಿದ್ದಳು, ಪಕ್ಕದ ಮನೆಯ ಸೋಮಮ್ಮನಿಗೂ ಹೇಳಿದ್ದಳು. ಹೇಳಬೇಕಾದವಳಿಗೇ ಹೇಳಿರಲಿಲ್ಲವಲ್ಲ!

ಅಮ್ಮನ ಫೋಟೋ ಮುಂದೆ ನಿಂತು, "ಸಾಕು ಬುಡಮ್ಮ, ಇನ್ನು ಕೊಡ್ಬೇಡ. ಅಪ್ಪನ ಕಾಲು ಹೋಗ್ಬುಡುತ್ತೆ," ಎಂದು ಅತ್ತಳು.

ಮಾರನೆಯ ದಿನದಿಂದ ಮಾತ್ರೆಯನ್ನು ಯಾರೂ ಮುಟ್ಟಲಿಲ್ಲ. ಅಪ್ಪ ಪೂಜೆ ಮುಗಿಸಿ ಕೈ ಚಾಚುವರು, ಸ್ವಲ್ಪ ಹೊತ್ತು ಕಾದು ಸುಮ್ಮನೆ ಮಡಚಿಕೊಳ್ಳುವರು. ಮುಂದಿನ ವಾರ ರಕ್ತ ಸರಿಯಿತ್ತು, ಆಪರೇಷನ್ ಆಯಿತು. ಎಪಿಡ್ಯೂರಲ್ ನಳಿಕೆ ತೆಗೆದ ಮೇಲೆ ಅಪ್ಪ ಎರಡೂ ಕಾಲಿನ ಬೆರಳು ಆಡಿಸಿದಾಗ ಶಿವಾನಿಗೆ ಹೋದ ಜೀವ ಬಂದಂತಾಯಿತು.

ಮಾತ್ರೆ ಮತ್ತೆ ಶುರು ಮಾಡಲು ಹೇಳಿದ್ದ ದಿನ ಅಪ್ಪ ಕೈ ಚಾಚಿಕೊಂಡೇ ಕುಳಿತರು. ಶಿವಾನಿ ಫೋಟೋ ಹತ್ತಿರ ಹೋಗಿ, "ಇನ್ನು ಕೊಡ್ಬಹುದಂತೆ ಕಣಮ್ಮ," ಎಂದು ಪಿಸುಗುಟ್ಟಿ ಕಾದಳು. ಅರ್ಧ ಗಂಟೆಯಾಯಿತು. ಬೀರು ತೆಗೆದರೆ ಸ್ಟ್ರಿಪ್ ಹಾಗೇ ಇತ್ತು. ಕೊನೆಗೆ ಅವಳೇ ಒಂದು ಮಾತ್ರೆ ತೆಗೆದು ಅಪ್ಪನ ಕೈಗಿಟ್ಟಳು.

ಅಪ್ಪ ಮಾತ್ರೆಯನ್ನು ನೋಡಿದರು, ಬಾಗಿಲ ಕಡೆ ನೋಡಿದರು.

"ಬರಬೇಡ ಅಂದ್ಬುಟ್ಯಾ ಮಗಳೇ ಅವಳಿಗೆ?"