ಲೈಸೆನ್ಸ್ ವಾಪಸ್ ಕೊಟ್ಟ ಡಾಕ್ಟರು, ದೂರು ವಾಪಸ್ ಪಡೆಯದ ರೇವವ್ವ

ಹೂವಿನ ಹಿಪ್ಪರಗಿಯ ರೇವವ್ವ ಜೋಳದ ರೊಟ್ಟಿ ಬಡಿದು ಮಾರುವವಳು. ಒಂದು ಮುಂಜಾನೆ ಗಿರಣಿಯ ಮೆಟ್ಟಿಲ ಮೇಲೆ ಹಿಟ್ಟು ಚೆಲ್ಲಿತ್ತು. ಕಾಲು ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತು.

ಗಂಡ ಮಾಳಿಂಗ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪಟ್ಟಣದ ಒಂದು ಖಾಸಗಿ ದವಾಖಾನೆಗೆ ಹೋದ. ಅಲ್ಲಿನ ಡಾಕ್ಟರ್ ಸಿದ್ದಲಿಂಗ ಎಕ್ಸ್‌ರೇ ತೆಗೆಸಿದರು. ಯಾರೊಂದಿಗೋ ಫೋನಿನಲ್ಲಿ ಪ್ಲಾಟಿನ ವಿಷಯ ಮಾತಾಡುತ್ತಲೇ ಫಿಲ್ಮನ್ನು ತಿರುವುಮುರುವಾಗಿ ಹಿಡಿದು ನೋಡಿದರು. ಫೋನು ಇಡದೆಯೇ ಪ್ಲಾಸ್ಟರ್ ಹಾಕಿದರು. ಹಾಕಿದ್ದು ಎಡಗೈಗೆ.

“ಸಾಹೇಬ್ರ, ಬ್ಯಾನಿ ಈ ಕೈಗೆ ಐತ್ರಿ” ಎಂದು ರೇವವ್ವ ಬಲಗೈ ತೋರಿಸಿದಳು.

“ಫಿಲ್ಮು ನನ್ನ ಕೈಯಾಗ ಐತಿ. ಓದಿದವ ನೀನೋ ನಾನೋ? ನರ ಎಲ್ಲಾ ಒಂದಕ್ಕೊಂದು ಕೂಡಿರ್ತಾವ. ಎಡಕ್ಕ ಮುರದ್ರ ಬಲಕ್ಕ ನೋವು ಕಾಣ್ತೈತಿ.”

ಮನೆಗೆ ಬರುವ ದಾರಿಯುದ್ದಕ್ಕೂ ರೇವವ್ವ ಗೊಣಗಿದಳು. ಮಾಳಿಂಗ ಒಪ್ಪಲಿಲ್ಲ.

“ಅಷ್ಟು ವರ್ಷ ಓದಿದವ್ರಿಗೆ ಎಡ ಬಲ ಗೊತ್ತಿರಂಗಿಲ್ಲೇನು? ನೀನೇ ತಪ್ಪು ತಿಳ್ಕೊಂಡಿರಬೇಕು.”

“ನನ್ನ ಕೈ ಯಾವುದು ಅಂತ ನನಗ ಗೊತ್ತಿಲ್ಲ ಅಂತೀರೇನು?”

“ಡಾಕ್ಟರ್ ಅಂದ್ರ ಡಾಕ್ಟರ್” ಎಂದ ಮಾಳಿಂಗ.

ಹೀಗೆ ರೇವವ್ವನಿಗೆ ಎರಡೂ ಕೈ ಇಲ್ಲದಂತಾಯಿತು. ಒಂದು ಮುರಿದದ್ದು, ಇನ್ನೊಂದು ಪ್ಲಾಸ್ಟರಿನಲ್ಲಿದ್ದದ್ದು. ಉಣಿಸುವುದು, ನೀರು ಕುಡಿಸುವುದು, ತಲೆ ಬಾಚುವುದು ಎಲ್ಲವೂ ಮಾಳಿಂಗನ ಪಾಲಿಗೆ ಬಂತು. ಅವನು ಹೆಣೆದ ಜಡೆ ಎತ್ತು ಕಟ್ಟುವ ಹಗ್ಗದಷ್ಟು ಬಿಗಿಯಾಗಿತ್ತು. ಗಿರಾಕಿಗಳು ತಪ್ಪಬಾರದೆಂದು ರೊಟ್ಟಿಯನ್ನೂ ಅವನೇ ಬಡಿದ. ನಾಲ್ಕನೆಯ ದಿನ ಗಿರಾಕಿ ಯಾಕೂಬಸಾಬ ರೊಟ್ಟಿ ವಾಪಸ್ ತಂದ.

“ಮಾಳಿಂಗಣ್ಣ, ಇದು ಹರದ್ರ ಹರಿವಲ್ದು. ಜೋಡಿಗೆ ಒಂದು ಕೊಡಲಿ ಕೊಡು.”

ಹನ್ನೆರಡನೆಯ ದಿನ ಅಲ್ಮಾಸ ಬಂದಳು. ಬಡವರಿಗೆ, ಹೆಣ್ಣುಮಕ್ಕಳಿಗೆ ಪುಕ್ಕಟೆ ಕಾನೂನು ಸಲಹೆ ಕೊಡಿಸುವ ತಾಲೂಕು ಸಮಿತಿಯಲ್ಲಿ ಅವಳು ಸ್ವಯಂಸೇವಕಿ. ಬಂದದ್ದು ರೊಟ್ಟಿಗೆ. ಆದರೆ ಊದಿ ನೀಲಿಗಟ್ಟಿದ್ದ ಬಲಗೈಯನ್ನೂ, ಬೆಳ್ಳಗಿನ ಪ್ಲಾಸ್ಟರಿನಲ್ಲಿ ಆರಾಮಾಗಿದ್ದ ಎಡಗೈಯನ್ನೂ ನೋಡಿ ಹಿಟ್ಟಿನ ಬುಟ್ಟಿಯ ಪಕ್ಕದಲ್ಲೇ ಕೂತುಬಿಟ್ಟಳು.

“ಅಕ್ಕಾ, ನಾಳೆ ಮುಂಜಾನಿ ವಿಜಯಪುರಕ್ಕ ಹೋಗೂಣು. ಬ್ಯಾರೆ ಡಾಕ್ಟರಿಗೆ ತೋರಸೂಣು.”

ವಿಜಯಪುರದ ಸರಕಾರಿ ಆಸ್ಪತ್ರೆಯ ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ ನೋಡಿದರು. ಎಡಗೈಗೆ ಏನೂ ಆಗಿರಲಿಲ್ಲ. ಬಲಗೈಯ ಎಲುಬು ಸೊಟ್ಟಗೆ ಕೂಡತೊಡಗಿತ್ತು. ಮತ್ತೆ ಬಿಡಿಸಿ ಕೂಡಿಸಬೇಕಾಯಿತು. ರೇವವ್ವ ಹಲ್ಲು ಕಚ್ಚಿ ನೋವು ತಡೆದುಕೊಂಡಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾಳಿಂಗ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದ.

ಅಲ್ಮಾಸ ಮೊದಲು ಮಾಡಿಸಿದ ಕೆಲಸ, ಮೊದಲಿನ ದವಾಖಾನೆಗೆ ಅರ್ಜಿ ಬರೆದು ಅಲ್ಲಿನ ಕಾಗದಪತ್ರ ಕೇಳಿದ್ದು. ರೋಗಿ ತನ್ನ ದಾಖಲೆ ಕೇಳಿದರೆ ಡಾಕ್ಟರು ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕು. ಹಾಗೆ ಬಂದ ದಾಖಲೆಯಲ್ಲಿ ಡಾಕ್ಟರ ಕೈಬರಹದಲ್ಲೇ ‘ಬಲ ಮಣಿಕಟ್ಟು’ ಎಂದಿತ್ತು. ಆಮೇಲೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಬರೆದರು. ಡಾಕ್ಟರುಗಳ ಹೆಸರು ನೋಂದಾಯಿಸಿಕೊಂಡು ಲೈಸೆನ್ಸ್ ಕೊಡುವುದೂ, ತಪ್ಪು ಮಾಡಿದರೆ ವಿಚಾರಿಸುವುದೂ ಈ ಪರಿಷತ್ತಿನ ಕೆಲಸ. ಜನ ಇದನ್ನು ಮೆಡಿಕಲ್ ಕೌನ್ಸಿಲ್ ಎನ್ನುತ್ತಾರೆ.

ಮಾಳಿಂಗನಿಗೆ ಮಾತ್ರ ಹೆದರಿಕೆ. “ದೊಡ್ಡವ್ರ ಮ್ಯಾಲೆ ಅರ್ಜಿ ಕೊಟ್ಟೀವಿ. ನಾಳೆ ಜ್ವರ ಬಂದ್ರ ನಮ್ಮನ್ನ ಯಾರು ಮುಟ್ತಾರ?”

“ಎಡ ಬಲ ಗೊತ್ತಿದ್ದವ್ರು ಮುಟ್ತಾರ” ಎಂದಳು ರೇವವ್ವ.

ಕೆಲವು ತಿಂಗಳ ನಂತರ ಡಾಕ್ಟರಿಗೆ ನೋಟೀಸು ಹೋಯಿತು. ಮರುವಾರವೇ ಮನೆ ಮುಂದೆ ಕಾರು ನಿಂತಿತು. ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದು ಡಾಕ್ಟರ್ ಸಿದ್ದಲಿಂಗ ಇಳಿದರು.

“ರೇವವ್ವ, ಮನಸ್ಸಿಗೆ ಭಾಳ ಹತ್ತೇತಿ. ಅದಕ್ಕ ನಿನ್ನೆ ಕೌನ್ಸಿಲ್ಲಿಗೆ ಪತ್ರ ಬರದು ನನ್ನ ಲೈಸೆನ್ಸ್ ವಾಪಸ್ ಕೊಟ್ಟೇನಿ. ಇವತ್ತಿನಿಂದ ನಾ ಡಾಕ್ಟರೇ ಅಲ್ಲ.”

ಮಾಳಿಂಗನ ಕಣ್ಣಲ್ಲಿ ನೀರು ಬಂತು. ಕೈ ಮುಗಿದ. ಡಾಕ್ಟರು ಒಂದು ಕಾಗದ ಮುಂದೆ ಹಿಡಿದರು.

“ಡಾಕ್ಟರೇ ಇಲ್ಲಂದ ಮ್ಯಾಲೆ ವಿಚಾರಣಿ ಯಾರ ಮ್ಯಾಲೆ? ಎಲ್ಲಾ ಮುಗದಂಗ. ದೂರು ವಾಪಸ್ ತಗೊಂಡೀವಿ ಅಂತ ಈ ಕಾಗದಕ್ಕ ಒಂದು ಸಹಿ ಮಾಡ್ರಿ, ಸಾಕು.”

“ಕೈ ಇನ್ನೂ ನಡುಗ್ತೈತ್ರಿ ಸಾಹೇಬ್ರ. ಕಾಗದ ಇಟ್ಟು ಹೋಗ್ರಿ, ಓದಿ ಹೇಳ್ತೇನಿ” ಎಂದಳು ರೇವವ್ವ.

ಹೆಂಡತಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದಕ್ಕೆ ಮಾಳಿಂಗನಿಗೆ ಸಂಕೋಚವಾಯಿತು. ಚಹಾ ಕೊಟ್ಟ. ಮಾತು ಬದಲಿಸಲು ಹೇಳಿದ, “ಸಾಹೇಬ್ರ, ಹ್ಯಾಂಗೂ ಬಂದೀರಿ. ನನ್ನ ಮೊಣಕಾಲು ಕಟಕಟ ಅಂತೈತ್ರಿ.”

“ಯಾವ ಕಾಲು?”

“ಬಲಗಾಲ್ರಿ” ಎಂದು ಮಾಳಿಂಗ ಆ ಮೊಣಕಾಲನ್ನು ಎರಡು ಸಲ ತಟ್ಟಿ ತೋರಿಸಿದ. ಎಡಗಾಲನ್ನು ಮಡಚಿ ಧೋತರದೊಳಗೆ ಅಡಗಿಸಿಕೊಂಡ.

ಡಾಕ್ಟರು ಅಭ್ಯಾಸಬಲದಿಂದ ಕಿಸೆಯಿಂದ ಚೀಟಿಪುಸ್ತಕ ತೆಗೆದರು. “ಎರಡು ಹೊತ್ತು, ಉಂಡ ಮ್ಯಾಲೆ” ಎಂದು ಬರೆದು, ಸಹಿ ಮಾಡಿ, ಹರಿದು ಕೊಟ್ಟು ಹೋದರು.

ಸಂಜೆ ಅಲ್ಮಾಸ ಬಂದಾಗ ಮಾಳಿಂಗ ಪೇಡೆಯ ಡಬ್ಬಿ ಮುಂದೆ ಮಾಡಿದ. “ತಗೋ ತಂಗಿ. ಕೇಸು ಮುಗೀತು. ಅವ್ರು ಲೈಸೆನ್ಸೇ ವಾಪಸ್ ಕೊಟ್ರಂತ.”

ಅಲ್ಮಾಸ ಪೇಡೆ ಮುಟ್ಟಲಿಲ್ಲ. “ಅಣ್ಣಾ, ಹ್ವಾದ ವರ್ಷ ಟಂಟಂ ಗಾಡಿ ಹಾಯ್ದು ನಿಮ್ಮ ಎಮ್ಮಿ ಕಾಲು ಮುರೀತಲ್ಲ. ಆ ಡ್ರೈವರ್ ಮರುದಿನ ಲೈಸೆನ್ಸ್ ಒಪ್ಪಿಸಿ, ‘ನಾ ಈಗ ಡ್ರೈವರ್ ಅಲ್ಲ’ ಅಂದಿದ್ರ ಬಿಡ್ತಿದ್ರೇನು?”

“ಎಲ್ಲಿ ಬಿಡೋದು? ಎಮ್ಮಿಗೆ ಹಾಯಿಸಿದಾಗ ಅಂವ ಡ್ರೈವರ್ ಇದ್ದನಲ್ಲ.”

“ಪ್ಲಾಸ್ಟರ್ ಹಾಕಿದಾಗ ಇವ್ರು ಏನಿದ್ರು?”

ಮಾಳಿಂಗ ಬಾಯಿಗೆ ಹೋಗುತ್ತಿದ್ದ ಪೇಡೆಯನ್ನು ಡಬ್ಬಿಗೆ ವಾಪಸಿಟ್ಟ.

“ಲೈಸೆನ್ಸ್ ವಾಪಸ್ ತಗೋರಿ ಅನ್ನೋದು ಬರೇ ಅರ್ಜಿ” ಎಂದು ಅಲ್ಮಾಸ ಬಿಡಿಸಿ ಹೇಳಿದಳು. “ಆ ಅರ್ಜಿ ಏನು ಮಾಡಬೇಕು ಅನ್ನೋದು ಕೌನ್ಸಿಲ್ ಕೈಯಾಗ ಇರ್ತೈತಿ. ಪತ್ರ ಬರದ ಕೂಡ್ಲೇ ವಿಚಾರಣಿ ತಾನಾಗೇ ನಿಲ್ಲಂಗಿಲ್ಲ. ಹಂಗ ನಿಂತಿದ್ರ, ತಪ್ಪು ಮಾಡಿದವ್ರೆಲ್ಲ ನೋಟೀಸು ಬಂದ ದಿನ ಒಂದು ಪತ್ರ ಬರದು, ಬ್ಯಾರೆ ಕಡೆ ಹೋಗಿ ಮತ್ತ ಬೋರ್ಡು ಹಚ್ತಿದ್ರು. ಅಲ್ಲಿ ಮಂದಿಗೆ ಇವ್ರ ಹಿಂದಿನದು ಏನೂ ಗೊತ್ತಾಗ್ತಿರಲಿಲ್ಲ.”

ರೇವವ್ವ ಇಷ್ಟು ಹೊತ್ತು ಗಂಡನ ಚೀಟಿಯನ್ನೇ ನೋಡುತ್ತಿದ್ದಳು.

“ನನಗೊಂದು ತಿಳೀವಲ್ದು ಅಲ್ಮಾಸ. ಇವತ್ತಿನಿಂದ ಡಾಕ್ಟರೇ ಅಲ್ಲ ಅಂದವ್ರು ಇವತ್ತೇ ಇವ್ರಿಗೆ ಗುಳಿಗಿ ಹ್ಯಾಂಗ ಬರದ್ರು?”

ಅಲ್ಮಾಸ ಚೀಟಿ ಇಸಿದುಕೊಂಡಳು. ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, ಆ ದಿನದ ತಾರೀಖು, ಸಹಿ ಎಲ್ಲವೂ ಇದ್ದವು.

“ಅಕ್ಕಾ, ಇದನ್ನ ಜ್ವಾಕಿಯಿಂದ ಇಡ್ರಿ. ಡಾಕ್ಟರ್ ಇದ್ರ ವಿಚಾರಣಿಗೆ ಬರಬೇಕು. ಡಾಕ್ಟರ್ ಅಲ್ಲಂದ್ರ ಚೀಟಿ ಬರೀಬಾರದು. ಎರಡರಾಗ ಒಂದು ಅವ್ರೇ ಆರಸ್ಕೊಳ್ಳಿ.”

“ಅಂದ್ರ ನಾ ಗುಳಿಗಿ ನುಂಗಬೇಕೋ ಬ್ಯಾಡೋ?” ಎಂದ ಮಾಳಿಂಗ.

ವಿಚಾರಣೆಗೆ ಮೂವರೂ ಬೆಂಗಳೂರಿಗೆ ಹೋದರು. ಡಾಕ್ಟರ ಪರ ವಕೀಲರು ಎದ್ದು, ತಮ್ಮ ಕಕ್ಷಿದಾರರು ವೃತ್ತಿಯನ್ನೇ ತ್ಯಜಿಸಿದ್ದಾರೆ, ಆದ್ದರಿಂದ ವಿಚಾರಣೆ ಕೈಬಿಡಬೇಕು ಎಂದರು. ಹಿರಿಯ ಸದಸ್ಯೆಯೊಬ್ಬರು ಎರಡೇ ಪ್ರಶ್ನೆ ಕೇಳಿದರು. ಪ್ಲಾಸ್ಟರ್ ಹಾಕಿದ್ದು ಯಾವತ್ತು? ಲೈಸೆನ್ಸ್ ವಾಪಸ್ ಕೊಡುತ್ತೇನೆಂದು ಬರೆದದ್ದು ಯಾವತ್ತು?

ರೇವವ್ವ ಎದ್ದು ಮೊಣಕಾಲಿನ ಚೀಟಿಯನ್ನು ಮೇಜಿನ ಮೇಲಿಟ್ಟಳು. “ವೃತ್ತಿ ಬಿಟ್ಟ ಮರುದಿನ ನಮ್ಮ ಮನ್ಯಾಗ ಕುಂತು ಬರದಾರ್ರಿ.” ಅಲ್ಲಿದ್ದವರಲ್ಲಿ ಒಬ್ಬರಿಗೆ ಕೆಮ್ಮು ಬಂತು. ಡಾಕ್ಟರ್ ಸಿದ್ದಲಿಂಗ ನೆಲ ನೋಡಿದರು.

ಪರಿಷತ್ತು ಅವರ ಪತ್ರವನ್ನು ಬದಿಗಿಟ್ಟು ವಿಚಾರಣೆ ಮುಗಿಸಿತು. ತಪ್ಪು ಸಾಬೀತಾಯಿತು. ಅವರ ನೋಂದಣಿಯನ್ನು ಒಂದು ವರ್ಷ ಅಮಾನತ್ತಿನಲ್ಲಿಟ್ಟಿತು. ಆ ಮಾತು ಅವರ ಹೆಸರಿನ ಮುಂದೆ ದಾಖಲಾಯಿತು.

ಊರಿಗೆ ಮರಳುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಮಾಳಿಂಗ ಕಾನೂನು ಹೇಳುತ್ತಿದ್ದ. ರೇವವ್ವನ ಕೈ ಮೊದಲಿನಷ್ಟು ತಿರುಗುವುದಿಲ್ಲ, ಚಳಿಗಾಲದಲ್ಲಿ ನೋಯುತ್ತದೆ. ಆದರೂ, “ಇನ್ನೊಬ್ಬಾಕಿ ಕೈ ಉಳೀತು” ಎನ್ನುತ್ತಾಳೆ.

ಓದುಗರೇ, ಕೇಳುಗರೇ, ನಮ್ಮನ್ನು ಬದುಕಿಸುವ ಡಾಕ್ಟರುಗಳೇ ಹೆಚ್ಚು, ಅವರನ್ನು ಗೌರವಿಸಿ. ಆದರೆ ತಪ್ಪು ನಡೆದಿದ್ದರೆ ಸುಮ್ಮನಿರಬೇಡಿ. ಚೀಟಿ, ಎಕ್ಸ್‌ರೇ, ರಸೀದಿ ಯಾವುದನ್ನೂ ಎಸೆಯಬೇಡಿ. ಓದದೆ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಪರಿಷತ್ತು ವಿಚಾರಿಸುವುದು ಡಾಕ್ಟರ ನಡತೆಯನ್ನು. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗಕ್ಕೆ ಬೇರೆ ಅರ್ಜಿ ಕೊಡಬೇಕು. ದಾರಿ ತಿಳಿಯದಿದ್ದರೆ ಪುಕ್ಕಟೆ ಕಾನೂನು ನೆರವಿನ 15100 ಸಂಖ್ಯೆಗೆ ಫೋನ್ ಮಾಡಿ. ಯಾರಾದರೂ ಬಂದು “ಲೈಸೆನ್ಸ್ ವಾಪಸ್ ಕೊಟ್ಟೇನಿ, ಎಲ್ಲಾ ಮುಗೀತು” ಎಂದರೆ ನಂಬಬೇಡಿ. ಅವರು ಲೈಸೆನ್ಸ್ ಬಿಡಲಿ, ನೀವು ದೂರು ಬಿಡಬೇಡಿ.